ಕ್ಯಾಮೆರಾ ಸರಿಯಾಯಿತು

ಸಿಂದಗಿ, ಮಂಗಳವಾರ

ಚೇತನಕುಮಾರ ಅವರಿಗೆ,

ಹಳೆಯ ಸಿಸ್ಟಮ್ ತೆಗೆದು ನೀವು ಲಿನಕ್ಸ್ ಹಾಕಿಕೊಟ್ಟ ಕಂಪ್ಯೂಟರಿನಲ್ಲಿ ಆನ್‌ಲೈನ್ ಟ್ಯೂಷನ್ ಹೇಳಲು ಕೂತಾಗಲೆಲ್ಲ ಕ್ಯಾಮೆರಾ ತೆರೆಯುತ್ತಿರಲಿಲ್ಲ. ನಿಮಗೆ ಹೇಳಿದರೆ, “ಲಿನಕ್ಸ್ ಅಂದ್ರ ಹಂಗ ಇರತೈತಿ” ಅಂದಿರಿ. ಇವತ್ತು ನಾನೇ ಹುಡುಕಿದೆ. ನನಗೆ ಹೇಳದೆ ನೀವು ಸೇರಿಸಿದ್ದ ಪ್ರೋಗ್ರಾಮೊಂದು ಕ್ಯಾಮೆರಾ ಹಿಡಿದುಕೊಂಡು, ನಮ್ಮಿಬ್ಬರ ಮಲಗುವ ಕೋಣೆಯ ಚಿತ್ರಗಳನ್ನು ನೀವು ನೌಕರಿ ಮಾಡುವ ಮುದ್ದೇಬಿಹಾಳಕ್ಕೆ, ನಿಮ್ಮ ಮೊಬೈಲಿಗೆ ಕಳಿಸುತ್ತಿತ್ತು.

ಹೋದ ವಾರ ನಾನು ಹಸಿರು ಸೀರೆ ಉಟ್ಟ ದಿನ ಫೋನಿನಲ್ಲಿ, “ಹಸಿರು ಸೀರಿ ನಿನಗ ಭಾಳ ಛಂದ ಕಾಣತೈತಿ” ಅಂದಿರಿ. “ನಿಮಗ ಹೆಂಗ ಗೊತ್ತಾತ್ರಿ?” ಎಂದು ಕೇಳಿದೆ. “ಕಣ್ಣ ಮುಂದ ಬಂದಿ” ಅಂದಿರಿ. ದಿನವಿಡೀ ಖುಷಿಯಲ್ಲಿದ್ದೆ. ಈಗ ಆ ಸೀರೆ ಮುಟ್ಟಲೂ ಹೇಸಿಗೆಯಾಗುತ್ತದೆ.

ಪ್ರೋಗ್ರಾಮ್ ಕಿತ್ತುಹಾಕಿದ್ದೇನೆ. ನಿಮ್ಮಲ್ಲಿರುವ ಚಿತ್ರಗಳನ್ನೆಲ್ಲ ಅಳಿಸಿರಿ. ಭಾನುವಾರ ಬರಬೇಡಿ, ನಾನು ಬಸವನ ಬಾಗೇವಾಡಿಯ ಅಕ್ಕನ ಮನೆಗೆ ಹೋಗುತ್ತೇನೆ. ಫೋನ್ ಮಾಡಿದರೆ ಅಕ್ಕ ಎತ್ತುತ್ತಾಳೆ. ಅವಳಿಗೆ ಎಲ್ಲ ಹೇಳಿದ್ದೇನೆ.

ಐಶ್ವರ್ಯ