ಅರವತ್ತೆರಡಕ್ಕೇ ನಿಲ್ಲುವ ಮದುವೆ

ಆಗಸ್ಟ್ 17, ಭಾನುವಾರ

ಮತ್ತೆ ಅರವತ್ತೆರಡು ಪರ್ಸೆಂಟಿಗೇ ನಿಂತಿತು. ಕ್ಲಿಪ್‌ಗಳೆಲ್ಲ ಸೇರಿ ಒಂದೇ ವಿಡಿಯೋ ಆಗಬೇಕು, ಹಾಗೆ ರೆಂಡರ್ ಆಗ್ತಾ ಆಗ್ತಾ ಸಾಫ್ಟ್‌ವೇರೇ ಮುಚ್ಚಿಕೊಳ್ಳುತ್ತೆ. ಒಂದು ಎರರ್ ಮೆಸೇಜೂ ಇಲ್ಲ. ಮರ್ಯಾದೆ ಇಲ್ಲದ್ದು.

ನಯನಕ್ಕನ ಮದುವೆ ವಿಡಿಯೋ. ಜೂನ್‌ನಲ್ಲಿ, ಮಳವಳ್ಳಿಯಲ್ಲಿ, ಹರ್ಷ ಭಾವನ ಮನೆ ಅಂಗಳದಲ್ಲಿ. ಪುರೋಹಿತರಿಲ್ಲ, ಓಲಗವಿಲ್ಲ, ಮಂತ್ರದ ಬದಲು ಪ್ರತಿಜ್ಞೆ, ಬರೆದವಳು ನಾನು. ಭಾವನ ಜಾತಿ ಬೇರೆ ಅಂತ ಅಪ್ಪ ಬರಲಿಲ್ಲ. ಆವತ್ತಿಡೀ ಗದ್ದೆಯಲ್ಲೇ ಇದ್ದನಂತೆ. ಆಮೇಲೆ ಅಕ್ಕನ ಹೆಸರೇ ಎತ್ತಿಲ್ಲ.

ನಿನ್ನೆ ಊಟಕ್ಕೆ ಕೂತವನು ಅಮ್ಮನಿಗೆ ಹೇಳಿದ, ನನಗೆ ಕೇಳಿಸಲಿ ಅಂತಲೇ: "ಅದೇನೋ ವಿಡಿಯೋ ಮಾಡ್ತಾವ್ಳಂತಲ್ಲ. ಅದ ನೋಡ್ತೀನಿ. ಆಮ್ಯಾಕೆ ಬಾಗಿನದ ಮಾತು."

ಮದುವೆಯಾದ ಮೇಲೆ ಮೊದಲ ಗೌರಿ ಹಬ್ಬ, 26ಕ್ಕೆ. ತವರಿನಿಂದ ಬಾಗಿನ ಹೋದರೆ ಅಕ್ಕ ಇನ್ನೂ ಈ ಮನೆ ಮಗಳು. ಹೋಗದಿದ್ದರೆ... ಬಾಗಿನವೇ ಹೆಣ್ಣನ್ನು ಮೊರ, ಬಳೆಯ ಲೆಕ್ಕಕ್ಕೆ ಇಳಿಸುವ ಪದ್ಧತಿ, ಗೊತ್ತು. ಆದರೂ ಹೋಗಲಿ.

ಆಗಸ್ಟ್ 19, ಮಂಗಳವಾರ

ರೆಂಡರ್‌ಗೆ ಹಾಕಿ ಗೆಜ್ಜಲಗೆರೆ ಫ್ಯಾಕ್ಟರಿಗೆ ಶಿಫ್ಟಿಗೆ ಹೋದೆ. ಬಂದು ನೋಡಿದರೆ ಅಮ್ಮ ಲ್ಯಾಪ್‌ಟಾಪಿಗೆ ತನ್ನ ಹಳೇ ಸೀರೆ ಹೊದಿಸಿದ್ದಾಳೆ. ಧೂಳು ಕೂರುತ್ತಿತ್ತಂತೆ. ಕೆಳಗೆ ರೊಟ್ಟಿ ಸುಡುವಷ್ಟು ಬಿಸಿ. ತೊಂದರೆ ಇದೇ ಅಂತ ಖುಷಿಯಾಯ್ತು. ಸೀರೆ ತೆಗೆದೆ, ಫ್ಯಾನ್ ಕೆಳಗಿಟ್ಟೆ, ಮತ್ತೆ ಹಾಕಿದೆ.

ಅರವತ್ತೆರಡು.

ಆಗಸ್ಟ್ 21, ಗುರುವಾರ

ಮದ್ದೂರಿಗೆ ಹೋಗಿ ಸ್ಟುಡಿಯೋ ಸ್ವಾಮಣ್ಣನನ್ನು ಕೇಳಿದೆ. ಕ್ರ್ಯಾಕ್ ಮಾಡಿದ ದೊಡ್ಡ ಸಾಫ್ಟ್‌ವೇರ್ ಪೆನ್‌ಡ್ರೈವ್‌ಗೆ ಹಾಕಿಕೊಡ್ತೀನಿ ಅಂದ. ಕದ್ದ ಮಾಲು ಬೇಡ ಅಂದೆ. ನನ್ನದು ಫ್ರೀ ಸಾಫ್ಟ್‌ವೇರ್, ಎಲ್ಲರ ಸ್ವತ್ತು, ಅದರ ಬಗ್ಗೆ ಬಂದಿರುವ ಕಿರುಹೊತ್ತಿಗೆ ತಂದುಕೊಡ್ತೀನಿ, ಓದು — ಹೀಗೆ ಸುಮಾರು ಹೊತ್ತು. ಅಷ್ಟು ಹೊತ್ತೂ ಅವನು ಯಾರದೋ ಪಾಸ್‌ಪೋರ್ಟ್ ಫೋಟೋ ಕತ್ತರಿಸುತ್ತಿದ್ದ.

"ಮುಗೀತಾ ನಿನ್ ಭಾಸ್ಣ? ಈಗ ಕೇಳವ್ವ. ವಿಡಿಯೋನ ಎರಡ್ ಭಾಗ ಮಾಡಿ ಬ್ಯಾರೆ ಬ್ಯಾರೆ ರೆಂಡರ್ ಹಾಕು. ಯಾವ್ ಅರ್ಧ ಸಾಯ್ತದೋ ಅದ್ನ ತಿರ್ಗಾ ಎರಡ್ ಮಾಡು. ಕೊನೇಗೆ ಒಂದ್ ಕ್ಲಿಪ್ಪು ಸಿಕ್ಕಾಕತದೆ. ಎತ್ತಿ ಬಿಸಾಕು."

ಆಗಸ್ಟ್ 22, ಶುಕ್ರವಾರ

ಸಿಕ್ಕಿತು. ಧಾರೆ.

ಧಾರೆ ಬೇಡವೇ ಬೇಡ ಅಂತ ಹಟ ಹಿಡಿದವಳು ನಾನೇ. ಹೆಣ್ಣು ದಾನ ಕೊಡುವ ವಸ್ತುವಲ್ಲ. ಎಲ್ಲರೂ ಒಪ್ಪಿದ್ದರು. ನಾನು ಅಂಗಳದಲ್ಲಿ ಮೈಕ್ ಸರಿಮಾಡುತ್ತಿದ್ದಾಗ ಅಮ್ಮ ಇಬ್ಬರನ್ನೂ ಹಿತ್ತಲಿಗೆ ಕರೆದು, ಕೈ ಕೂಡಿಸಿ, ಚೊಂಬಿನಿಂದ ನೀರು ಬಿಟ್ಟಿದ್ದಾಳೆ! ಭಾವನ ತಂಗಿ ತೇಜು ಮೊಬೈಲಿನಲ್ಲಿ ತೆಗೆದದ್ದು. ಅಕ್ಕ ಕೇಳಿಕೊಂಡಳು ಅಂತ ಸೇರಿಸಿದ್ದೆ, ಒಲ್ಲದ ಮನಸ್ಸಿನಿಂದ.

ತೆಗೆದೆ. ಸಲೀಸಾಗಿ ನೂರಕ್ಕೆ ಹೋಯಿತು. ಸಿದ್ಧಾಂತಕ್ಕೂ ಜಯ, ಲ್ಯಾಪ್‌ಟಾಪಿಗೂ ಜಯ.

ಅಮ್ಮ ಸೊಪ್ಪು ಬಿಡಿಸುತ್ತಾ ಕೇಳಿದಳು: "ನಾನ್ ನೀರ್ ಬುಟ್ಟಿದ್ದು ಅದಾ ಅದ್ರಲ್ಲಿ?"

ಆ ಕ್ಲಿಪ್ಪೇ ಕೆಟ್ಟಿತ್ತು ಕಣಮ್ಮ, ತೆಗೆದೆ ಅಂದೆ.

"ಓಗ್ಲಿ ಬುಡು."

ಆಮೇಲೆ ದಂಟನ್ನೂ ಎಲೆಯನ್ನೂ ಒಂದೇ ಕಡೆ ಹಾಕುತ್ತಿದ್ದಳು.

ಆಗಸ್ಟ್ 24, ಭಾನುವಾರ

ಅಪ್ಪನಿಗೆ ಇನ್ನೂ ತೋರಿಸಿಲ್ಲ. ಆ ಕ್ಲಿಪ್ ಒಂದನ್ನೇ ಹಾಕಿಕೊಂಡು ಕೂತಿದ್ದೆ. ಕೆಟ್ಟಿಲ್ಲ. ಮೊಬೈಲಿನದು ಸೆಕೆಂಡಿಗೆ ಇಷ್ಟೇ ಫ್ರೇಮ್ ಅಂತ ಇರಲ್ಲ, ಒಮ್ಮೆ ಹೆಚ್ಚು ಒಮ್ಮೆ ಕಡಿಮೆ. ಸಾಫ್ಟ್‌ವೇರ್ ಅಲ್ಲಿ ಮುಗ್ಗರಿಸುತ್ತೆ. ಬೇರೆಯಾಗಿ ಕನ್ವರ್ಟ್ ಮಾಡಿ, ಒಂದೇ ಸಮ ಮಾಡಿ ಸೇರಿಸಿದರೆ ಆಯ್ತು.

ಚೊಂಬು ಎತ್ತುವ ಮುಂಚೆ ಅಮ್ಮ ಎಡಕ್ಕೆ ಸ್ವಲ್ಪ ಸರಿದು ನಿಲ್ಲುತ್ತಾಳೆ. ಪಕ್ಕದಲ್ಲಿ ಒಬ್ಬರಿಗೆ ಜಾಗ ಬಿಟ್ಟು. ಅಲ್ಲಿ ಯಾರೂ ಇಲ್ಲ.

ಧಾರೆಯ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ.

ಕ್ಲಿಪ್ ವಾಪಸ್ ಹಾಕಿದೆ. ನೂರು.

ಆಗಸ್ಟ್ 26, ಮಂಗಳವಾರ, ಬೆಳಿಗ್ಗೆ

ಅಪ್ಪ ನಿನ್ನೆ ಸಂಜೆ ನೋಡಿದ. ಹೆಗಲ ಮೇಲೆ ಟವಲ್ಲು, ಕೂರದೆ ನಿಂತೇ. ನನ್ನ ಪ್ರತಿಜ್ಞೆ ಬಂದಾಗ ಆಕಳಿಸಿದ. ಹಿತ್ತಲು ಬಂದಾಗ ಕೂತ. ಇನ್ನೊಂದು ಸಲ ಹಾಕು ಅಂದ. ಹಾಕಿದೆ. ಮತ್ತೆ ಅಂದ. ಅಮ್ಮ ಬಾಗಿಲಲ್ಲಿ ನಿಂತಿದ್ದಳು.

"ಒಬ್ಳೇ ಬುಟ್ಯಲ್ಲ ನೀರ," ಅಂದ, ಅವಳ ಕಡೆ ನೋಡದೆ.

"ಇನ್ನೇನ್ ಮಾಡ್ಲಿ. ನೀವ್ ಗದ್ದೇಲಿದ್ರಲ್ಲ."

ಅಪ್ಪ ಎದ್ದು ಹೋಗಿ ಬೈಕ್ ಒರೆಸಿದ.

ಈಗ ಅಮ್ಮ ಹಿಂದಿನ ಸೀಟಿನಲ್ಲಿ, ರೇಷ್ಮೆ ಸೀರೆಯಲ್ಲಿ. ಬಾಗಿನದ ಜೋಡಿ ಮೊರ ಅಂಗಳದ ಕಟ್ಟೆ ಮೇಲೆ. ಅಪ್ಪ ಒಳಗೆ ಬಂದು ಭಾವನ ಮನೆ ಯಾವ ಬೀದಿ ಅಂತ ಕೇಳಿದ. ಅಮ್ಮನಿಗೆ ಗೊತ್ತಲ್ಲ ಅಂದೆ.

"ಅವ್ಳ್ ಯೋಳ್ದಂಗೆ ಓದ್ರೆ ಕೊಳ್ಳೇಗಾಲ ಸೇರ್ಕತೀವಿ. ನೀನೂ ಬಾ. ಮೊರ ಇಡ್ಕಳಕ್ಕೂ ಒಬ್ರು ಬೇಕು."

ಒಂದು ಬೈಕಿಗೆ ಮೂವರು ಕಾನೂನಿಗೆ ವಿರುದ್ಧ. ಬಾಗಿನ ನನ್ನ ತತ್ವಕ್ಕೆ ವಿರುದ್ಧ. ಎರಡೂ ಹೇಳಿದೆ. ಹಾರ್ನ್ ಹೊಡೀತಾ ಇದಾನೆ. ಅಕ್ಕನಿಗೆ ಫೋನ್ ಮಾಡಿ ಹೇಳೋಣ ಅಂದರೆ ಬೇಡವಂತೆ, ಹಂಗೇ ಹೋಗೋಣವಂತೆ, ಬಾಗಿಲು ಅವಳೇ ತೆಗೀಲಿ ಅಂತ —