ಹದಿನೇಳು ಲೀಟರ್ ನೀರು, ಒಂದು ಗಿಡ್ಡ ಹಗ್ಗ

ಕುದುರೆ ಆಸ್ಪತ್ರೆ, ಲಾಯದ ಪಕ್ಕದ ಕೋಣೆ
ಗುರುವಾರ ಬೆಳಿಗ್ಗೆ

ಪ್ರೀತಿಯ ಅಪ್ಪಾ,

ಚಂಡಿ ಹುಲ್ಲು ತಿಂದಳು! ಎರಡು ಹಿಡಿ ತಿಂದು, ಮೂರನೆಯದಕ್ಕೆ ನನ್ನ ತೋಳಿಗೇ ಬಾಯಿ ಹಾಕಿದಳು. ಅಂಗಿ ಹರಿಯಿತು, ನಾನು ಕುಣಿದಾಡಿಬಿಟ್ಟೆ. ಅದೇ ಹರಕು ಅಂಗಿಯಲ್ಲಿ ಕೂತು ಬರೆಯುತ್ತಿದ್ದೇನೆ. ಕಾಗದಕ್ಕೆ ಔಷಧದ ವಾಸನೆ ಬಂದರೆ ಮೂಗು ಮುರಿಯಬೇಡ.

ಹೋದ ವಾರ ಈ ಹೆಣ್ಣು ಕುದುರೆಯ ಜೊತೆ ಹದಿನಾರು ಗಂಟೆ ಲಾರಿಯಲ್ಲಿ ಬಂದೆ ಎಂದು ಫೋನಿನಲ್ಲಿ ಜಂಬ ಕೊಚ್ಚಿದ್ದೆನಲ್ಲ, ಮೂರನೇ ದಿನಕ್ಕೆ ಅವಳು ಮೇವು ಬಿಟ್ಟಳು. ಜ್ವರ ನೂರನಾಲ್ಕು. ಮುಂಗಾಲಿನ ಮೊಣಕೈ ಹೊರಗೆ ಚಾಚಿ ನಿಂತು, ಚೂರುಚೂರೇ ಉಸಿರೆಳೆಯುತ್ತಿದ್ದಳು. ಪಕ್ಕೆ ಮುಟ್ಟಿದರೆ ನರಳುತ್ತಿದ್ದಳು. ಸ್ಕ್ಯಾನ್ ಮಾಡಿದರೆ ಎದೆಯ ಕೆಳಭಾಗವೆಲ್ಲ ಕಪ್ಪು, ಅಂದರೆ ನೀರು. ಅವಳ ಯಜಮಾನರು ಬಂದು ನೋಡಿ, ಗುರುವಾರದೊಳಗೆ ಏನೂ ತಿನ್ನಲಿಲ್ಲ ಅಂದ್ರೆ ಇಂಜೆಕ್ಷನ್ ಕೊಟ್ಟು ಕಳಿಸಿಬಿಡಿ, ನರಳಿಸ್ಬೇಡಿ ಅಂತ ಹೇಳಿ ಹೋದರು.

ನಮ್ಮ ದೊಡ್ಡ ಡಾಕ್ಟರಮ್ಮ ನೀರು ಬಸಿಯುವ ಕೊಳವೆಯನ್ನು ನನ್ನ ಕೈಗೇ ಇಟ್ಟು, ನೀನೇ ತಂದೋಳು, ನೀನೇ ತೆಗಿ ಅಂದರು. ಪಕ್ಕೆಯ ಕೂದಲು ಬೋಳಿಸಿ, ತೊಳೆದು, ಮರಗಟ್ಟುವ ಮದ್ದು ಚುಚ್ಚಿ, ಎರಡು ಪಕ್ಕೆಲುಬುಗಳ ನಡುವೆ ತೂರಿಸಬೇಕು. ಪ್ರತಿ ಎಲುಬಿನ ಹಿಂಬದಿಗೆ ರಕ್ತನಾಳ ಅಂಟಿಕೊಂಡಿರುತ್ತದೆ, ಅದನ್ನು ತಪ್ಪಿಸಬೇಕು. ಗಾಳಿ ಒಳಗೆ ನುಗ್ಗಬಾರದು. ಟಪ್ ಎಂದು ಒಳಗೆ ಹೋದದ್ದು ಬೆರಳಿಗೇ ಗೊತ್ತಾಯಿತು. ಬಂತು ನೋಡು, ಕೆಂಪು ಬೆರೆತ ಹಳದಿ ನೀರು, ಬಕೆಟ್ ತುಂಬ! ಬಲಗಡೆ ಹನ್ನೊಂದು ಲೀಟರ್. ನಾನು ಗೆದ್ದೆ ಅಂತ ಬೀಗುತ್ತಿದ್ದರೆ ಡಾಕ್ಟರಮ್ಮ, ಎಡಗಡೆ ಯಾರು ನೋಡ್ತಾರೆ, ನಿಮ್ಮಜ್ಜಿನಾ ಅಂತ ಗದರಿದರು. ಅಲ್ಲಿ ಇನ್ನೂ ಆರು ಲೀಟರ್.

ಸೀಸೆಗೆ ಹಿಡಿದು ಮೂಸಿದೆವು. ಕೊಳೆತ ವಾಸನೆ ಇರಲಿಲ್ಲ, ಅರ್ಧ ಜೀವ ಬಂತು. ಲ್ಯಾಬಿನ ಅಕ್ಕ ಸೂಕ್ಷ್ಮದರ್ಶಕದಿಂದ ಕಣ್ಣೆತ್ತದೆ, ಕೀವಿನ ಕಣ ತುಂಬಿ ತುಳುಕ್ತಿದೆ ಕಣೇ, ಆದ್ರೆ ಮಣಿಸರದ ಹಾಗಿರೋ ಒಂದೇ ಜಾತಿ ಕ್ರಿಮಿ ಅಂದಳು. ಆ ಕ್ರಿಮಿಯನ್ನು ಬೆಳೆಸಿ, ಅದಕ್ಕೆ ನಾಟುವ ಔಷಧವನ್ನೂ ಹುಡುಕಿಕೊಟ್ಟಳು. ಆ ಕ್ರಿಮಿ ಕುದುರೆಯ ಗಂಟಲಲ್ಲಿ ಸುಮ್ಮನೆ ಬಿದ್ದಿರುವಂಥದ್ದು. ಕುದುರೆ ತಲೆ ತಗ್ಗಿಸಿದಾಗ ಲೋಳೆಯ ಜೊತೆ ಹೊರಗೆ ಹೋಗುತ್ತದೆ. ಗಂಟೆಗಟ್ಟಲೆ ತಲೆ ತಗ್ಗಿಸಲಾಗದಿದ್ದರೆ ಎದೆಗೆ ಇಳಿಯುತ್ತದೆ. ಲಾರಿಯಲ್ಲಿ ಯಾರೋ ಚಂಡಿಯ ಹಗ್ಗವನ್ನು ಗಿಡ್ಡ ಕಟ್ಟಿದ್ದರು.

ಮೂರು ದಿನ ಎರಡೆರಡು ಹೊತ್ತು ಬಸಿದೆವು. ಇವತ್ತು ಅರ್ಧ ಲೀಟರೂ ಇಲ್ಲ, ಅದೂ ತಿಳಿಯಾಗಿದೆ. ಔಷಧ ಇನ್ನೂ ವಾರಗಟ್ಟಲೆ ನಡೆಯಬೇಕು. ಆದರೂ ಕಚ್ಚಿದಳಲ್ಲಪ್ಪಾ! ಯಜಮಾನರಿಗೆ ಫೋನ್ ಮಾಡುವಾಗ ನನಗೆ ಅಳುವೇ ಬಂದುಬಿಟ್ಟಿತು.

ಅಮ್ಮನಿಗೆ ಈ ಬಕೆಟ್ಟಿನ ಕಥೆ ಊಟದ ಹೊತ್ತಿಗೆ ಓದಿ ಹೇಳಬೇಡ.

ನಿನ್ನ
ಮರಿ

ತಾ.ಕ.: ಇದನ್ನು ಫೋನಿನಲ್ಲಿ ಹೇಳಲು ನಾಲಿಗೆ ಏಳಲಿಲ್ಲ. ಆ ಯಾರೋ ನಾನೇ. ಪಕ್ಕದ ಕುದುರೆಯನ್ನು ಕಚ್ಚುತ್ತಾಳೆಂದು ನೀನು ಕಲಿಸಿದ ಗಂಟನ್ನೇ, ನೀನು ಕಟ್ಟುವಷ್ಟೇ ಗಿಡ್ಡವಾಗಿ ಕಟ್ಟಿದೆ. ಯಜಮಾನರಿಗೆ ಹೇಳಿದ್ದೇನೆ, ಚೆನ್ನಾಗಿ ಬೈಸಿಕೊಂಡೆ. ಸೋಮವಾರ ನೀನು ಆರು ಕುದುರೆ ಲಾರಿಗೆ ಹತ್ತಿಸುತ್ತೀಯೆಂದು ಅಮ್ಮ ಹೇಳಿದಳು. ಅದಕ್ಕೇ ಈ ಕಾಗದವನ್ನು ಮೇವಿನ ಲಾರಿಯವರ ಕೈಲಿ ಕಳಿಸುತ್ತಿದ್ದೇನೆ, ಶನಿವಾರವೇ ಸಿಗುತ್ತದೆ. ಹಗ್ಗ ಉದ್ದ ಬಿಡಪ್ಪಾ. ದಾರಿಯಲ್ಲಿ ನಿಲ್ಲಿಸಿ, ಅವು ತಲೆ ತಗ್ಗಿಸಲಿ. ನಮ್ಮ ಬೂದಿ ಕುದುರೆ ಲಾರಿ ಇಳಿದ ವಾರಕ್ಕೇ ಸತ್ತಾಗ, ದಾರಿಯ ನೀರು ಕೆಟ್ಟಿತ್ತು ಅಂತ ನೀನು ಇವತ್ತಿಗೂ ಹೇಳುತ್ತೀಯ. ಅದರ ಬಗ್ಗೆ ನಾನು ಯಾವತ್ತೂ ಏನೂ ಕೇಳುವುದಿಲ್ಲ. ನಿನಗೆ ಗೊತ್ತಿರಲಿಲ್ಲ. ಚಂಡಿಯನ್ನು ಕಟ್ಟುವಾಗ ನನಗೆ ಗೊತ್ತಿತ್ತು.