ತಾರಿಣಿ ಬರಲಿಲ್ಲ

ಧಾರವಾಡ
೨೩೪೧, ಫೆಬ್ರವರಿ ೩೦

ಶಾಲ್ಮಲಾ ಹೊಂಬಳ ಅವರಿಗೆ, ತ್ರಿಲೋಚನನ ನಮಸ್ಕಾರಗಳು.

ತಾರೀಖು ತಪ್ಪಿಲ್ಲ, ನಮ್ಮಲ್ಲಿ ಫೆಬ್ರವರಿಗೂ ಮೂವತ್ತು ದಿನ. ನಿಮ್ಮ ಕಾಲದ ಕನ್ನಡವನ್ನು ಪುಸ್ತಕಗಳಿಂದ ಕಲಿತವನು ನಾನು. ಮಾತು ಎಲ್ಲಾದರೂ ಎಡವಿದರೆ ಮನ್ನಿಸಿ. ಈ ಪತ್ರ ಬರುತ್ತಿರುವುದು ಕಾಲದಲ್ಲಿ ಹಿಂದಕ್ಕೆ ಹೋಗುವ ಹಿಂದಂಚೆಯಲ್ಲಿ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಹಾಳೆ. ಹೆಚ್ಚಿನವರು ತೀರಿಹೋದ ತಾಯಿಗೆ ಬರೆಯುತ್ತಾರೆ. ನಾನು ನಿಮಗೆ ಬರೆಯುತ್ತಿದ್ದೇನೆ, ಬರೆಯುವ ಮುಖ ಇಲ್ಲದಿದ್ದರೂ.

ನನ್ನ ಕೆಲಸ ಕಾಗದದ ದವಾಖಾನೆಯಲ್ಲಿ. ಹಳೆಯ ಪುಸ್ತಕಗಳ ಹುಳ ಬಿಡಿಸಿ, ಹರಿದದ್ದನ್ನು ಅಕ್ಕಿಯಂಟು ಹಚ್ಚಿ ಕೂಡಿಸುವ ಜಾಗಕ್ಕೆ ಊರವರಿಟ್ಟ ಹೆಸರು ಅದು. ನೀವೀಗ ಬಿಡಿಸುತ್ತಿರುವ ಗ್ರಾಫಿಕ್ ಕಾದಂಬರಿಯ ಉಳಿದ ಒಂದೇ ಪ್ರತಿ ಆರು ವರ್ಷದ ಹಿಂದೆ ನನ್ನ ಮೇಜಿಗೆ ಬಂತು. ಅದರ ನಾಯಕಿ, ನಿಮ್ಮ ತಾರಿಣಿ, ಮುನ್ನೂರು ವರ್ಷ ಮುಂದಿನ ಗಂಡಸೊಬ್ಬನಿಗೆ ಪತ್ರ ಬರೆಯುತ್ತ ಅವನನ್ನು ಪ್ರೀತಿಸುತ್ತಾಳೆ. ಅವನು ತನ್ನ ಕಾಲಕ್ಕೆ ಬಾ ಎನ್ನುತ್ತಾನೆ. ಅಲ್ಲಿಂದಾಚೆಗಿನ ಎಂಟು ಪುಟಗಳನ್ನು ಗೆದ್ದಲು ತಿಂದಿತ್ತು.

ಒಂಟಿಯಾಗಿದ್ದ ನಾನು ಆ ಗಂಡಸು ನಾನೇ ಎಂದುಕೊಂಡೆ. ಎಂಟು ಪುಟಗಳನ್ನೂ ನಿಮ್ಮ ಗೆರೆಯಂತೆಯೇ ಬಿಡಿಸಿ ತಾರಿಣಿಯನ್ನು ಕರೆಸಿಕೊಂಡೆ. ನೀವು ಬಿಡಿಸಿದ ಮೂಲ ಹಾಳೆಗಳೇ ಸಿಕ್ಕವೆಂದು ಹೇಳಿದೆ. ಪುಸ್ತಕ ಮನೆಮನೆಗೂ ಹೋಯಿತು. ಮದುವೆಗಳಲ್ಲಿ ಆ ಕೊನೆಯ ಪುಟವನ್ನು ಓದಿಸತೊಡಗಿದರು. ಸಭೆ ಕರೆದು ನನಗೆ ಶಾಲು ಹೊದಿಸಿದರು.

ಆ ಸಭೆಗೇ ಚಂಪವ್ವ ಬಂದಳು. ನಿಮ್ಮ ತಂಗಿಯ ಸಂತತಿಯವಳು, ಎಂಬತ್ತು ದಾಟಿದ ಮುದುಕಿ. ಅರಿವೆಯಲ್ಲಿ ಸುತ್ತಿದ ಎಂಟು ಹಾಳೆಗಳನ್ನು ಬಿಚ್ಚಿ ನನ್ನ ಮುಂದಿಟ್ಟಳು. ನೋಡಿದೊಡನೆ ಅವು ನೀವೇ ಬಿಡಿಸಿದ ಆ ಕೊನೆಯ ಪುಟಗಳೆಂದು ಗೊತ್ತಾಯಿತು. ಅಲ್ಲಿ ತಾರಿಣಿ ಅವನ ಕಾಲದ ಹೊಸ್ತಿಲವರೆಗೆ ಬಂದು ಹಿಂತಿರುಗುತ್ತಾಳೆ. ತನ್ನ ತಂಗಿಯ ಪಕ್ಕ ಕೂತು ಬಳ್ಳೊಳ್ಳಿ ಸುಲಿಯುತ್ತಾಳೆ. ಕೊನೆಯ ಪತ್ರದಲ್ಲಿ, "ನಾ ಇಲ್ಲೇ ಇರ್ತೀನಿ. ನೀ ಅಲ್ಲೇ ಛಂದಂಗ ಇರು" ಎಂದು ಬರೆಯುತ್ತಾಳೆ.

ಅದನ್ನು ಕೊನೆಯ ಸಾಲಿನವರೆಗೂ ಓದಿದೆ. ಆದರೂ ತುಂಬಿದ ಸಭೆಯಲ್ಲಿ, ಇವು ಯಾರೋ ಮಾಡಿದ ನಕಲು ಎಂದೆ.

ಚಂಪವ್ವ ಹಾಳೆಗಳನ್ನು ಮಡಚಿಕೊಂಡಳು. "ನಮ್ಮ ಮನ್ಯಾಗ ಏಳು ತಲಿ ಕಾದಿಟ್ಟಿದ್ವಿ ತಮ್ಮಾ. ಬ್ಯಾಡಂದ್ರ ಬ್ಯಾಡ ಬಿಡು" ಎಂದಳು. ಬೈಯಲಿಲ್ಲ. ಬೈದಿದ್ದರೆ ಇಷ್ಟು ಸುಡುತ್ತಿರಲಿಲ್ಲ.

ಒಂದು ವರ್ಷ ಸುಮ್ಮನಿದ್ದೆ. ಧೈರ್ಯ ಮಾಡಿ ಅವಳ ಮನೆಗೆ ಹೋದಾಗ ಅವಳು ತೀರಿಕೊಂಡು ಒಂಬತ್ತು ದಿನವಾಗಿತ್ತು. ಹಾಳೆಗಳನ್ನು ತನ್ನ ಜೊತೆಗೇ ಮಣ್ಣು ಮಾಡಲು ಹೇಳಿದ್ದಳಂತೆ. ಮರುದಿನವೇ ನಾನು ನಿಜ ಹೇಳಿ ಶಾಲನ್ನು ವಾಪಸು ಕೊಟ್ಟೆ. ಯಾರೂ ನಂಬಲಿಲ್ಲ. ಅಜ್ಜಿಯ ಮೇಲಿನ ಕನಿಕರಕ್ಕೆ ಹೀಗನ್ನುತ್ತಾನೆ ಎಂದು ಹೊಗಳಿದರು. ಮದುವೆಗಳಲ್ಲಿ ಇಂದಿಗೂ ನನ್ನ ಪುಟವನ್ನೇ ಓದುತ್ತಾರೆ.

ಆದ್ದರಿಂದ ಒಂದು ಬೇಡಿಕೆ. ಪ್ರತಿ ಪುಟದ ಮೂಲೆಗೂ ನಿಮ್ಮ ಸಹಿ ಹಾಕಿ, ಕೊನೆಯ ಎಂಟಕ್ಕೆ ಮರೆಯದೆ ಹಾಕಿ. ಗೆರೆ ಕದ್ದ ನನ್ನ ಕೈಗೆ ಸಹಿ ಕದಿಯಲು ಬಾರದು, ಆಗ ಆ ಸಭೆಯಲ್ಲಿ ನಾನು ಸಿಕ್ಕಿಬೀಳುತ್ತೇನೆ. ಚಂಪವ್ವ ತಲೆಯೆತ್ತಿಕೊಂಡು ಮನೆಗೆ ಹೋಗುತ್ತಾಳೆ.

ನಿಮ್ಮ ತಪ್ಪಿತಸ್ಥ,
ತ್ರಿಲೋಚನ